ಬಾಗಲಕೋಟೆಯ ಬಸುರಿಯರು, ಜಗತ್ತಿನ ಸರಾಸರಿ

ಗರ್ಭನಂಜು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ತಿಂಗಳು ತುಂಬುತ್ತ ಬಂದಂತೆ ಬಸುರಿಯ ಬಿಪಿ ಏರುತ್ತದೆ, ಮುಖ ಕೈಕಾಲು ಬಾತುಕೊಳ್ಳುತ್ತವೆ, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ. ಆಗಲೂ ಆಸ್ಪತ್ರೆ ಸೇರದಿದ್ದರೆ ಫಿಟ್ಸ್ ಬಂದು ತಾಯಿ, ಕೂಸು ಇಬ್ಬರ ಜೀವಕ್ಕೂ ಕುತ್ತು. ಬಿಪಿ ನೋಡುವ ಕೆಲಸವನ್ನು ಆಸ್ಪತ್ರೆಯಿಂದ ಮನೆಯ ಪಡಸಾಲೆಗೇ ತಂದರೆ ಈ ಕುತ್ತು ತಪ್ಪೀತೇ? ಈ ಪ್ರಶ್ನೆ ಹಿಡಿದು 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ‘ಕ್ಲಿಪ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಇದರ ಮುಂದಾಳುಗಳು.

ಎರಡು ಜಿಲ್ಲೆಗಳ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿದರು. ಒಂದು ಪಾಲಿನ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಎಎನ್‌ಎಂಗಳು ಟ್ಯಾಬ್ಲೆಟ್, ಬಿಪಿ ಯಂತ್ರ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಮೂತ್ರ ಪರೀಕ್ಷೆಯ ಪಟ್ಟಿ ಹಿಡಿದು ಮನೆಮನೆಗೆ ಹೋದರು. ಅಳತೆಗಳನ್ನು ಟ್ಯಾಬ್‌ನಲ್ಲಿ ತುಂಬಿದರೆ ಅಪಾಯ ಎಷ್ಟು, ಮುಂದೇನು ಮಾಡಬೇಕು ಎಂದು ಅದೇ ಹೇಳುತ್ತಿತ್ತು: ಬಿಪಿ ತೀರ ಏರಿದ್ದರೆ ಮೀಥೈಲ್‌ಡೋಪಾ ಮಾತ್ರೆ, ನಂಜಿನ ಗಂಭೀರ ಲಕ್ಷಣ ಕಂಡರೆ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್, ಕೂಡಲೇ ದೊಡ್ಡ ಆಸ್ಪತ್ರೆ. ಇನ್ನೊಂದು ಪಾಲಿನಲ್ಲಿ ಎಂದಿನ ಆರೈಕೆ ಮುಂದುವರಿಯಿತು. ಇಂಥದೇ ಪ್ರಯೋಗ ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲೂ ನಡೆಯುತ್ತಿತ್ತು. ಮೂರೂ ದೇಶಗಳ ಲೆಕ್ಕವನ್ನು ಕೊನೆಗೆ ಒಟ್ಟು ಮಾಡಿ ನೋಡಬೇಕೆಂಬುದು ಮೊದಲೇ ಆದ ತೀರ್ಮಾನ.

ಆ ಒಟ್ಟು ಲೆಕ್ಕ 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 44 ಕ್ಲಸ್ಟರ್‌ಗಳು (ಒಂದೇ ಪಾಲಿಗೆ ಒಟ್ಟಾಗಿ ಸೇರಿಸಿದ ಊರುಗಳ ಗುಂಪುಗಳು), 69 ಸಾವಿರಕ್ಕೂ ಹೆಚ್ಚು ಬಸುರಿಯರು. ತಾಯಿ ಅಥವಾ ಕೂಸಿನ ಸಾವು ಇಲ್ಲವೇ ಗಂಭೀರ ತೊಂದರೆ, ಈ ಎಲ್ಲವನ್ನೂ ಕೂಡಿಸಿ ನೋಡಿದರೆ ಟ್ಯಾಬ್ ಹೋದ ಊರುಗಳಲ್ಲಿ 24%, ಹೋಗದ ಊರುಗಳಲ್ಲಿ 22%. ಎರಡೂ ಪಾಲುಗಳ ಸಂಭವವನ್ನು ಹೋಲಿಸುವ ಆಡ್ಸ್ ರೇಶಿಯೋ 1.17, ಅದರ ವಿಶ್ವಾಸದ ಹರವು, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, 0.87ರಿಂದ 1.56. ಭಾರತದ್ದನ್ನಷ್ಟೇ ತೆಗೆದುಕೊಂಡರೆ 0.92, ಹರವು 0.74ರಿಂದ 1.15. 1ಕ್ಕಿಂತ ಕಡಿಮೆ ಎಂದರೆ ಉಪಯೋಗದ ಕಡೆ, ಹೆಚ್ಚು ಎಂದರೆ ತದ್ವಿರುದ್ಧ. ಹರವು 1ನ್ನು ದಾಟಿ ಆಚೀಚೆ ಚಾಚಿದ್ದರೆ ಯಾವ ಕಡೆಗೂ ತೀರ್ಪು ಹೇಳಲು ಬರುವುದಿಲ್ಲ. ಇಲ್ಲಿ ಎರಡೂ ಹರವುಗಳು 1ನ್ನು ದಾಟಿವೆ. ಹಾಗಾಗಿ ‘ಬೇರೆ ಕಡೆ ಕೈಕೊಟ್ಟರೂ ನಮ್ಮಲ್ಲಿ ಕೆಲಸ ಮಾಡಿತು’ ಎಂದು ಬೀಗುವಂತಿಲ್ಲ, ‘ಆಶಾ ಭೇಟಿ ದಂಡ’ ಎಂದು ಕೈಬಿಡುವಂತೆಯೂ ಇಲ್ಲ.

ಬನಶಂಕರಿಯಿಂದ ಇಳಕಲ್‌ವರೆಗಿನ ಈ ಸೀಮೆಯಲ್ಲಿ ಯಾವ ಬಸುರಿಗೆ ಯಾವ ಮಾತ್ರೆ, ಎಷ್ಟು, ಯಾವಾಗ ಎಂಬುದು ಇಂದು ಬಹುಪಾಲು ಇಂಥ ಒಟ್ಟು ಲೆಕ್ಕಗಳಿಂದಲೇ ತೀರ್ಮಾನವಾಗುತ್ತದೆ. ಒಂದು ಪ್ರಶ್ನೆಯ ಮೇಲೆ ನಡೆದ ಎಲ್ಲ ಅಧ್ಯಯನಗಳನ್ನೂ ನಿಯಮ ಹಾಕಿಕೊಂಡು ಹುಡುಕಿ, ಸೋಸಿ, ಗುಣ ತೂಗಿ ನೋಡುವುದು ಸಿಸ್ಟಮ್ಯಾಟಿಕ್ ರಿವ್ಯೂ. ಅವುಗಳ ಅಂಕಿಗಳನ್ನು ಒಂದಾಗಿಸಿ ಲೆಕ್ಕ ಹಾಕುವುದು ಮೆಟಾ ಅನಾಲಿಸಿಸ್. ವೈದ್ಯಶಾಸ್ತ್ರದ ಸಾಕ್ಷ್ಯಗಳ ಏಣಿಯಲ್ಲಿ ತುತ್ತತುದಿಯ ಮೆಟ್ಟಿಲು ಇವಕ್ಕೇ ಮೀಸಲು. ಆ ಸ್ಥಾನಕ್ಕೆ ತಕ್ಕ ವಿಧಾನ ಇದೆಯೇ, ಅದನ್ನು ಸುಧಾರಿಸಲು ಏನೇನು ನಡೆದಿದೆ, ಇನ್ನೇನು ಉಳಿದಿದೆ ಎಂಬುದು ಈ ಲೇಖನದ ವಿಚಾರ.

ಬಂದ ದಾರಿ

ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸುವ ಯೋಚನೆ ಹಳೆಯದು. ಸೈನಿಕರಿಗೆ ಕೊಟ್ಟ ಟೈಫಾಯ್ಡ್ ಚುಚ್ಚುಮದ್ದಿನ ಅಂಕಿಗಳನ್ನು 1904ರಲ್ಲೇ ಕಾರ್ಲ್ ಪಿಯರ್ಸನ್ ಒಟ್ಟು ಮಾಡಿ ನೋಡಿದ್ದರು. ‘ಮೆಟಾ ಅನಾಲಿಸಿಸ್’ ಎಂಬ ಹೆಸರು ಕೊಟ್ಟವರು ಅಮೆರಿಕದ ಶಿಕ್ಷಣ ಸಂಶೋಧಕ ಜೀನ್ ಗ್ಲಾಸ್, 1976ರಲ್ಲಿ. ವೈದ್ಯಕೀಯದ ಪ್ರತಿ ಶಾಖೆಯೂ ತನ್ನ ಪ್ರಯೋಗಗಳನ್ನು ಒಟ್ಟುಗೂಡಿಸಿ ಆಗಾಗ ಪರಿಷ್ಕರಿಸಿಕೊಳ್ಳಬೇಕು ಎಂದು ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ ಪಟ್ಟು ಹಿಡಿದಿದ್ದರು. ಅದನ್ನು ಮೊದಲು ಮಾಡಿ ತೋರಿಸಿದ್ದು ಹೆರಿಗೆ ವಿಭಾಗ. ಇಯಾನ್ ಚಾಮರ್ಸ್ ಮತ್ತು ಸಂಗಡಿಗರು ಬಸಿರು ಬಾಣಂತನದ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದು 1989ರಲ್ಲಿ ಗ್ರಂಥವಾಗಿ ತಂದರು. ಅದರ ಬೆನ್ನಿಗೇ 1993ರಲ್ಲಿ ಕಾಕ್ರೇನ್ ಅವರ ಹೆಸರಿನ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಭಾರತದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದ್ದು ವೆಲ್ಲೂರಿನ ಸಿಎಂಸಿಯಲ್ಲಿ ಪ್ರತಾಪ್ ತರ್ಯನ್ ಅವರ ನೇತೃತ್ವದ ಕೇಂದ್ರ. ಕರ್ನಾಟಕದಲ್ಲಿ ಮಣಿಪಾಲ ಇದರ ನೆಲೆ. 2007ರಲ್ಲಿ ಐಸಿಎಂಆರ್ ಹಣ ಕೊಟ್ಟು ಕಾಕ್ರೇನ್ ಗ್ರಂಥಾಲಯವನ್ನು ಇಡೀ ದೇಶಕ್ಕೆ ಉಚಿತವಾಗಿ ತೆರೆಸಿತು.

ಆಮೇಲೆ ಬಂದದ್ದು ನಿಯಮಗಳ ಕಾಲ. ಒಳಗೊಂಡ ಪ್ರಯೋಗಗಳಲ್ಲಿ ಪಕ್ಷಪಾತ ಎಲ್ಲೆಲ್ಲಿ ನುಸುಳಿರಬಹುದು ಎಂದು ತೂಗಲು ಒಂದು ಸಾಧನ, ಒಟ್ಟು ಸಾಕ್ಷ್ಯದ ಗಟ್ಟಿತನಕ್ಕೆ ದರ್ಜೆ ಕೊಡಲು ‘ಗ್ರೇಡ್’ ಪದ್ಧತಿ, ವರದಿಯಲ್ಲಿ ಏನೇನು ಇರಲೇಬೇಕು ಎಂಬುದಕ್ಕೆ 2009ರ ‘ಪ್ರಿಸ್ಮಾ’ ಪಟ್ಟಿ, ಆಮೇಲೆ ‘ಪ್ರಿಸ್ಮಾ 2020’ ಎಂಬ ಅದರ ಪರಿಷ್ಕರಣೆ. ನಿಯಮಗಳು ಹೆಚ್ಚಿದಂತೆ ರಿವ್ಯೂಗಳ ಬೆಳೆಯೂ ಹುಲುಸಾಯಿತು. 1991ರಿಂದ 2014ರ ನಡುವೆ ವರ್ಷಕ್ಕೆ ಪ್ರಕಟವಾಗುವ ಸಿಸ್ಟಮ್ಯಾಟಿಕ್ ರಿವ್ಯೂಗಳು 2,728% ಏರಿದ್ದವು. ಅದೇ ಅವಧಿಯಲ್ಲಿ ಎಲ್ಲ ವೈದ್ಯಕೀಯ ಬರಹಗಳ ಏರಿಕೆ 153%. ಈ ಲೆಕ್ಕ ಕೊಟ್ಟ ಜಾನ್ ಇಯೋನಿಡಿಸ್, ಇವುಗಳಲ್ಲಿ ಬಹಳಷ್ಟು ಹೇಳಿದ್ದನ್ನೇ ಹೇಳುವಂಥವು, ಕೆಲವು ದಾರಿ ತಪ್ಪಿಸುವಂಥವು ಎಂದು 2016ರಲ್ಲಿ ಖಾರವಾಗಿ ಬರೆದರು. ಪಟ್ಟಿಯ ಎಲ್ಲ ಅಂಶಗಳಿಗೂ ಟಿಕ್ ಹಾಕಿದ ರಿವ್ಯೂ ಕೂಡ ಟೊಳ್ಳಾಗಿರಬಹುದು. ಎಲ್ಲಿ ಟೊಳ್ಳಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಬೆಳಗಾವಿಯೇ ಒಳ್ಳೆಯ ಪಾಠ.

ಲಾಂಛನದ ಔಷಧ ಹಳ್ಳಿಗೆ ಬಂದಾಗ

ಕಾಕ್ರೇನ್ ಸಂಸ್ಥೆಯ ಲಾಂಛನವನ್ನು ಹತ್ತಿರದಿಂದ ನೋಡಬೇಕು. ವೃತ್ತದೊಳಗೆ ಒಂದು ನಿಂತ ಗೆರೆ, ಅದಕ್ಕೆ ಅಡ್ಡವಾಗಿ ಏಳು ಮಲಗಿದ ಗೆರೆಗಳು, ಕೆಳಗೊಂದು ಪುಟ್ಟ ವಜ್ರದಾಕೃತಿ. ಒಂದೊಂದು ಮಲಗಿದ ಗೆರೆಯೂ ಒಂದೊಂದು ಪ್ರಯೋಗ. ಗೆರೆ ಉದ್ದವಾದಷ್ಟೂ ಅನಿಶ್ಚಿತತೆ ಹೆಚ್ಚು. ನಿಂತ ಗೆರೆ ‘ವ್ಯತ್ಯಾಸವಿಲ್ಲ’ ಎಂಬ ಗಡಿ. ಹಲವು ಗೆರೆಗಳು ಗಡಿಯನ್ನು ಮುಟ್ಟುತ್ತವೆ. ಆದರೆ ಎಲ್ಲವನ್ನೂ ಕೂಡಿಸಿದ ವಜ್ರ ಗಡಿ ಬಿಟ್ಟು ಪೂರ್ತಿ ಎಡಕ್ಕೆ, ಅಂದರೆ ಉಪಯೋಗದ ಕಡೆಗೆ ನಿಂತಿದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೂಸಿನ ಶ್ವಾಸಕೋಶ ಬಲಿತು ಬದುಕುವ ಸಂಭವ ಹೆಚ್ಚುತ್ತದೆ ಎಂಬುದೇ ಆ ಚಿತ್ರದ ಸಾರ. ಮೊದಲ ಪ್ರಯೋಗ 1972ರದ್ದು. ಫಲಿತಾಂಶಗಳನ್ನು ಕೂಡಿಸಿ ನೋಡುವ ತನಕ ಬಹುತೇಕ ವೈದ್ಯರು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಸತ್ತವು. ಮೆಟಾ ಅನಾಲಿಸಿಸ್ ಏಕೆ ಬೇಕು ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇರಲಿಲ್ಲ.

ಆದರೆ ಆ ಪ್ರಯೋಗಗಳು ನಡೆದದ್ದು ಬಹುತೇಕ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ. ಬಸುರಿಗೆ ಎಷ್ಟು ವಾರ ತುಂಬಿದೆ ಎಂಬ ಲೆಕ್ಕ ಪಕ್ಕಾ ಇರುವಲ್ಲಿ, ಹುಟ್ಟಿದ ಕೂಸಿಗೆ ಐಸಿಯು ಇರುವಲ್ಲಿ. ಅದೇ ಔಷಧವನ್ನು ಹಳ್ಳಿಯ ಮಟ್ಟಕ್ಕೆ ಇಳಿಸಿದರೆ? ಬೆಳಗಾವಿ, ನಾಗಪುರ ಸೇರಿದಂತೆ ಆರು ದೇಶಗಳ ಗ್ರಾಮೀಣ ಪ್ರದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳನ್ನು ಒಳಗೊಂಡು ‘ಆಕ್ಟ್’ ಪ್ರಯೋಗ ನಡೆಯಿತು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ದಂಗುಬಡಿಸಿತು. ಯಾವ ಸಣ್ಣ ಕೂಸುಗಳಿಗೆ ಉಪಯೋಗವಾಗಬೇಕಿತ್ತೋ ಅವುಗಳ ಸಾವು ತಗ್ಗಲಿಲ್ಲ. ಒಟ್ಟು ಕೂಸುಗಳಲ್ಲಿ 28 ದಿನದೊಳಗಿನ ಸಾವು ಸಾವಿರಕ್ಕೆ 23.9ರಿಂದ 27.4ಕ್ಕೆ ಏರಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ವಾರಗಳ ಲೆಕ್ಕ ಪಕ್ಕಾ ಇಲ್ಲದ ಕಡೆ ಇಂಜೆಕ್ಷನ್ ಸಿಕ್ಕ ಬಹುಪಾಲು ತಾಯಂದಿರಿಗೆ ಅದರ ಅಗತ್ಯವೇ ಇರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ ‘ಆಕ್ಷನ್’ ಪ್ರಯೋಗ ನಡೆಸಿತು. ಬೆಳಗಾವಿ ಇಲ್ಲೂ ಇತ್ತು. ಈ ಸಲ ಅಲ್ಟ್ರಾಸೌಂಡ್ ನೋಡಿ ವಾರಗಳನ್ನು ಖಚಿತ ಮಾಡಿಕೊಂಡು, ಕೂಸಿನ ಆರೈಕೆಗೆ ತಕ್ಕ ವ್ಯವಸ್ಥೆ ಇರುವಲ್ಲಿ ಮಾತ್ರ ಔಷಧ ಕೊಟ್ಟರು. ನವಜಾತ ಶಿಶುಗಳ ಸಾವು 23.5%ರಿಂದ 19.6%ಕ್ಕೆ ಇಳಿಯಿತು. ಔಷಧ ಅದೇ, ಬಡ ದೇಶಗಳೂ ಅಂಥವೇ. ಬೇರೆಯಾದದ್ದು ಯಾರಿಗೆ, ಎಲ್ಲಿ, ಯಾವ ತಯಾರಿಯೊಂದಿಗೆ ಕೊಟ್ಟರು ಎಂಬುದು. ಹಳೆಯ ಮೆಟಾ ಅನಾಲಿಸಿಸ್‌ನ ಗಣಿತದಲ್ಲಿ ತಪ್ಪಿರಲಿಲ್ಲ, ಅದು ಯಾರಿಗೆ ಅನ್ವಯಿಸುತ್ತದೆ ಎಂಬ ಷರಾ ಮಾತ್ರ ಇರಲಿಲ್ಲ. ಇಂದಿನ ಸುಧಾರಣೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಈ ಷರಾವನ್ನು ಫಲಿತಾಂಶದ ಭಾಗವಾಗಿಸುವ ಕೆಲಸ.

ಸರಾಸರಿ ಮುಚ್ಚಿಡುವುದು

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡೂ ಎಷ್ಟೇ ಚೆಂದವಿದ್ದರೂ ಕೊಂಡಿ ಸಡಿಲವಾದರೆ ಸೀರೆ ಬಿಚ್ಚಿಕೊಳ್ಳುವುದು ಅಲ್ಲೇ. ಮೆಟಾ ಅನಾಲಿಸಿಸ್‌ನ ಕೊಂಡಿ ಅದರ ಗಣಿತ. ಬಹುಕಾಲದಿಂದ ಬಳಕೆಯಲ್ಲಿರುವುದು 1986ರ ಡರ್‌ಸಿಮೋನಿಯನ್–ಲೇರ್ಡ್ ವಿಧಾನ. ನಾಲ್ಕೈದು ಸಣ್ಣ ಪ್ರಯೋಗಗಳನ್ನಷ್ಟೇ ಕೂಡಿಸುವಾಗ ಅದು ಇರಬೇಕಾದುದಕ್ಕಿಂತ ಕಿರಿದಾದ ಹರವನ್ನು ಕೊಟ್ಟು ಇಲ್ಲದ ಖಚಿತತೆಯನ್ನು ತೋರಿಸುತ್ತದೆ. ಇದನ್ನು ಸರಿಪಡಿಸುವ ಹಾರ್ಟುಂಗ್–ನ್ಯಾಪ್ ಮುಂತಾದ ವಿಧಾನಗಳು ಈಗ ರೂಢಿಗೆ ಬರುತ್ತಿವೆ. ಇನ್ನೊಂದು ಹೆಜ್ಜೆ, ಸರಾಸರಿಯ ಪಕ್ಕದಲ್ಲಿ ಮುನ್ಸೂಚನೆಯ ಹರವನ್ನೂ ಕೊಡುವುದು. ವಿಶ್ವಾಸದ ಹರವು ಸರಾಸರಿ ಎಲ್ಲಿದೆ ಎಂದು ಹೇಳಿದರೆ, ಮುನ್ಸೂಚನೆಯ ಹರವು ನಾಳೆ ಹೊಸದೊಂದು ಊರಿನಲ್ಲಿ ಇದೇ ಚಿಕಿತ್ಸೆ ಜಾರಿಗೆ ತಂದರೆ ಫಲ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುತ್ತದೆ. ಹುನಗುಂದದ ತಾಲೂಕು ವೈದ್ಯಾಧಿಕಾರಿಗೆ ಬೇಕಾದದ್ದು ಎರಡನೆಯದು. ಹೆಚ್ಚಿನ ರಿವ್ಯೂಗಳು ಇಂದಿಗೂ ಕೊಡುತ್ತಿರುವುದು ಮೊದಲನೆಯದನ್ನು ಮಾತ್ರ.

ಸಣ್ಣ ಪ್ರಯೋಗಗಳ ಮೋಹ ಬೇರೆಯದೇ ಅಪಾಯ. ಹೃದಯಾಘಾತಕ್ಕೆ ಮೆಗ್ನೀಷಿಯಂ ಕೊಟ್ಟರೆ ಸಾವು ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು 1991ರಲ್ಲಿ ಏಳು ಸಣ್ಣ ಪ್ರಯೋಗಗಳ ಮೆಟಾ ಅನಾಲಿಸಿಸ್ ಹೇಳಿತ್ತು. 1995ರಲ್ಲಿ 58 ಸಾವಿರ ರೋಗಿಗಳ ‘ಐಸಿಸ್–4’ ಪ್ರಯೋಗದಲ್ಲಿ ಉಪಯೋಗ ಕಾಣಲೇ ಇಲ್ಲ. ಅದೇ ಮೆಗ್ನೀಷಿಯಂ ಗರ್ಭನಂಜಿನಲ್ಲಿ ಮಾತ್ರ ಪರೀಕ್ಷೆ ಗೆದ್ದಿತು: 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ತಾಯಂದಿರಿದ್ದ 2002ರ ‘ಮ್ಯಾಗ್‌ಪೈ’ ಪ್ರಯೋಗ ಫಿಟ್ಸ್ ಬರುವ ಅಪಾಯ 58% ತಗ್ಗಿದ್ದನ್ನು ತೋರಿಸಿತು. ಸಣ್ಣ ಪ್ರಯೋಗಗಳಲ್ಲಿ ಫಲ ಸಿಕ್ಕವು ಅಚ್ಚಾಗುತ್ತವೆ, ಸಿಗದವು ಕಪಾಟಿನಲ್ಲೇ ಉಳಿಯುತ್ತವೆ. ಅಚ್ಚಾದವನ್ನಷ್ಟೇ ಕೂಡಿಸಿದರೆ ಬರುವುದು ಅದೃಷ್ಟವಂತರ ಸರಾಸರಿ.

ಒಂದು ಒಳ್ಳೆಯ ರಿವ್ಯೂ ಪ್ರಶ್ನೆಯನ್ನು ಮುಚ್ಚುವುದಕ್ಕಿಂತ ಮುಂದಿನ ಪ್ರಯೋಗ ಯಾವುದಾಗಬೇಕು ಎಂದು ತೋರಿಸಬೇಕು. ಬಸುರಿಯರಿಗೆ ಕ್ಯಾಲ್ಸಿಯಂ ಕೊಡುವ ವಿಚಾರದಲ್ಲಿ ಹೀಗೆಯೇ ಆಯಿತು. ಗರ್ಭನಂಜು ತಡೆಯಲು ದಿನಕ್ಕೆ 1.5ರಿಂದ 2 ಗ್ರಾಂ ಎಂಬ ಸಲಹೆ ಬಂದದ್ದು ಹಿಂದಿನ ಪ್ರಯೋಗಗಳು ಅಷ್ಟು ಪ್ರಮಾಣವನ್ನು ಪರೀಕ್ಷಿಸಿದ್ದರಿಂದ. ಅರ್ಧ ಗ್ರಾಂ ಸಾಕಾಗದೇ ಎಂಬುದನ್ನು ನೇರವಾಗಿ, ದೊಡ್ಡ ಮಟ್ಟದಲ್ಲಿ ಕೇಳಿದ್ದು ಬೆಂಗಳೂರು ಮತ್ತು ತಾಂಜಾನಿಯಾದ ದಾರ್ ಎಸ್ ಸಲಾಮ್‌ನ ಜೋಡಿ ಪ್ರಯೋಗ. ಬೆಂಗಳೂರಿನ ಕಡೆಯಿಂದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಎರಡೂ ಕಡೆ ತಲಾ 11 ಸಾವಿರ ಬಸುರಿಯರು. 2024ರ ಜನವರಿಯಲ್ಲಿ ಬಂದ ಫಲಿತಾಂಶದಂತೆ ಬೆಂಗಳೂರಿನಲ್ಲಿ ಗರ್ಭನಂಜು 500 ಮಿಲಿಗ್ರಾಂ ಗುಂಪಿನಲ್ಲಿ 3.0%, 1500 ಮಿಲಿಗ್ರಾಂ ಗುಂಪಿನಲ್ಲಿ 3.6%. ಕಡಿಮೆ ಪ್ರಮಾಣ ಹಿಂದೆ ಬೀಳಲಿಲ್ಲ. ದಿನಕ್ಕೆ ಮೂರು ದಪ್ಪ ಗುಳಿಗೆ ನುಂಗಲು ಬೇಸರಪಡುವ ಬಸುರಿಗೂ, ಅವನ್ನು ಕೊಂಡು ಹಂಚುವ ಸರ್ಕಾರಕ್ಕೂ ಇದು ಸಣ್ಣ ಸಂಗತಿಯಲ್ಲ.

ಕುಬಸ, ತವರು, ಗುಳೆ

ವಿಧಾನದ ಚರ್ಚೆ ಕಾಗದದ ಮೇಲೆ ಒಣಗಿದಂತೆ ಕಂಡರೂ ಅದರ ಬೇರು ಊರಿನ ನಡಾವಳಿಯಲ್ಲಿದೆ. ನಮ್ಮ ಕಡೆ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುತ್ತಾರೆ. ಗಂಡನ ಮನೆ ಹುನಗುಂದ ತಾಲೂಕಿನಲ್ಲಿ, ತವರು ಬಾದಾಮಿ ತಾಲೂಕಿನಲ್ಲಿ ಎಂದಿಟ್ಟುಕೊಳ್ಳಿ. ಆಕೆಯ ತಾಯಿ ಕಾರ್ಡ್ ಬರೆದದ್ದು ಒಂದು ಕೇಂದ್ರ, ಬಿಪಿ ಏರುವ ಕೊನೆಯ ತಿಂಗಳುಗಳಲ್ಲಿ ಆಕೆ ಇರುವುದು ಇನ್ನೊಂದರ ವ್ಯಾಪ್ತಿಯಲ್ಲಿ. ಪ್ರಯೋಗದಲ್ಲಿ ಮೊದಲ ಕೇಂದ್ರ ಟ್ಯಾಬ್ ಪಾಲಿಗೆ, ಎರಡನೆಯದು ಎಂದಿನ ಆರೈಕೆಯ ಪಾಲಿಗೆ ಬಿದ್ದಿದ್ದರೆ ಆಕೆಯನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು? ರೂಢಿಯ ನಿಯಮ ಹೇಳುವುದು ಮೊದಲು ಬಿದ್ದ ಪಾಲಿಗೇ ಎಂದು. ಹಾಗೆ ಹಿಡಿದಾಗ ನಿಜವಾದ ಪರಿಣಾಮವೂ ಮಸುಕಾಗಿ ಕಾಣಬಹುದು. ಗಂಡನ ಜೊತೆ ಗೋವೆಗೋ ಮಂಗಳೂರಿಗೋ ಗುಳೆ ಹೋದವಳ ಹೆರಿಗೆಯ ಸುದ್ದಿ ಸಿಗದೆಯೂ ಹೋಗಬಹುದು. ಕ್ಲಿಪ್‌ನ ಮೂರು ದೇಶಗಳಲ್ಲಿ ಕೊನೆಯವರೆಗೆ ಮಾಹಿತಿ ಸಿಕ್ಕದ್ದು ಸುಮಾರು 90% ಬಸುರಿಯರದ್ದು; ಟ್ಯಾಬ್ ಪಾಲಿನಲ್ಲಿ ಕಾರ್ಯಕರ್ತೆಯ ಭೇಟಿಯೇ ಸಿಕ್ಕದ್ದು 57.8% ಮಂದಿಗೆ. ಪ್ರಯೋಗದ ಊರುಗಳಲ್ಲೂ ಹತ್ತರಲ್ಲಿ ನಾಲ್ವರ ಬಾಗಿಲು ಯಾರೂ ತಟ್ಟಿರಲಿಲ್ಲ. ಬರೀ 1.17 ಎಂಬ ಅಂಕಿ ನೋಡಿದವರಿಗೆ ಇದು ಕಾಣುವುದಿಲ್ಲ. ಆದ್ದರಿಂದಲೇ ಚಿಕಿತ್ಸೆ ಎಷ್ಟು ಜನರನ್ನು, ಎಷ್ಟು ಸಲ ತಲುಪಿತು ಎಂಬುದನ್ನೂ ರಿವ್ಯೂಗಳು ಪಟ್ಟಿ ಮಾಡಬೇಕೆಂಬ ಒತ್ತಾಯ ಹೆಚ್ಚುತ್ತಿದೆ.

ಅದೇ ಕ್ಲಿಪ್ ಅಧ್ಯಯನದಲ್ಲಿ ಎಂಟು ಅಥವಾ ಹೆಚ್ಚು ಭೇಟಿ ಸಿಕ್ಕವರಲ್ಲಿ ಕೂಸಿನ ಸಾವು ಕಡಿಮೆ ಇತ್ತು. ಹಾಗಾದರೆ ಭೇಟಿ ಹೆಚ್ಚಿಸಿದರೆ ಆಯಿತು ಎನ್ನಲು ಅವಸರ ಬೇಡ. ಎಂಟು ಭೇಟಿ ಆಗಬೇಕಾದರೆ ಬಸಿರು ಅಷ್ಟು ತಿಂಗಳು ನಿಂತಿರಬೇಕು, ಆಕೆ ಊರಿನಲ್ಲೇ ಇರಬೇಕು, ಮನೆಯವರು ಬಾಗಿಲು ತೆರೆಯಬೇಕು. ಅವಧಿಗೆ ಮುನ್ನ ಹೆತ್ತವಳಿಗೆ ಎಂಟು ಭೇಟಿ ಸಿಗುವುದು ಹೇಗೆ? ಇಂಥ ಹೋಲಿಕೆಯಿಂದ ಮುಂದಿನ ಪ್ರಶ್ನೆ ಹುಟ್ಟಬಹುದು, ತೀರ್ಪು ಹುಟ್ಟಬಾರದು.

ಊರೂರನ್ನೇ ಗುಂಪಾಗಿ ಹಂಚುವ ಪ್ರಯೋಗಗಳಲ್ಲಿ ಎಣಿಕೆಯ ತೊಡಕೂ ಇದೆ. ಒಂದೇ ಕೇಂದ್ರದ ವ್ಯಾಪ್ತಿಯ ಬಸುರಿಯರು ಅದೇ ವೈದ್ಯರು, ಅದೇ ರಸ್ತೆ, ಅದೇ ಆಂಬುಲೆನ್ಸ್ ಹಂಚಿಕೊಂಡವರು. ಅವರ ಫಲಿತಾಂಶಗಳು ಒಂದಕ್ಕೊಂದು ಹೋಲುತ್ತವೆ. ಬರೀ ಉದಾಹರಣೆಗೆ: 12 ಕ್ಲಸ್ಟರ್, ತಲಾ 1,000 ಬಸುರಿಯರು, ಹೋಲಿಕೆಯ ಅಳತೆ 0.01 ಎಂದರೆ ಆ 12 ಸಾವಿರ ಜನರ ಮಾಹಿತಿ ತೂಕದಲ್ಲಿ ಸುಮಾರು 1,100 ಬಿಡಿ ಬಸುರಿಯರಿಗೆ ಸಮ. ಈ ತಿದ್ದುಪಡಿ ಮಾಡದೆ ಮೆಟಾ ಅನಾಲಿಸಿಸ್‌ಗೆ ಸುರಿದರೆ ಒಂದೇ ಅಧ್ಯಯನ ಹತ್ತುಪಟ್ಟು ದನಿಯೆತ್ತಿ ಉಳಿದವನ್ನು ಅಡಗಿಸಿಬಿಡುತ್ತದೆ. ಪಠ್ಯಪುಸ್ತಕಗಳಲ್ಲಿ ಇದು ಹಳೆಯ ಎಚ್ಚರಿಕೆ. ಆದರೂ ಪ್ರಕಟವಾಗುವ ರಿವ್ಯೂಗಳಲ್ಲಿ ಈ ತಪ್ಪು ಮತ್ತೆ ಮತ್ತೆ ತಲೆಹಾಕುತ್ತದೆ.

ಮೂಲ ದಾಖಲೆ ತೋರಿಸಿ

ಎಲ್ಲಕ್ಕಿಂತ ಕಹಿಯಾದ ಪ್ರಶ್ನೆ: ಕೂಡಿಸುತ್ತಿರುವ ಪ್ರಯೋಗ ನಿಜವಾಗಿ ನಡೆದಿದೆಯೇ? ಬ್ರಿಟನ್ನಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ ತಮ್ಮ ಪತ್ರಿಕೆಗೆ ಬಂದ 526 ಪ್ರಯೋಗಗಳನ್ನು ತಪಾಸಣೆ ಮಾಡಿದರು. ಪ್ರತಿ ರೋಗಿಯ ಬಿಡಿ ದಾಖಲೆ ಕೈಗೆ ಸಿಕ್ಕ 153 ಪ್ರಯೋಗಗಳಲ್ಲಿ 67, ಅಂದರೆ 44%, ಸುಳ್ಳು ಅಂಕಿಗಳನ್ನು ಹೊಂದಿದ್ದವು. ಸಾರಾಂಶದ ಕೋಷ್ಟಕಗಳನ್ನಷ್ಟೇ ನೋಡಿದ ಉಳಿದವುಗಳಲ್ಲಿ ಸುಳ್ಳು ಸಿಕ್ಕದ್ದು 2% ಮಾತ್ರ. ಉಳಿದವರು ಪ್ರಾಮಾಣಿಕರು ಎಂದು ಇದರರ್ಥವಲ್ಲ. ಸಾರಾಂಶದಲ್ಲಿ ಸುಳ್ಳು ಕಣ್ಣಿಗೆ ಬೀಳುವುದಿಲ್ಲ. ಕೋವಿಡ್ ಕಾಲದಲ್ಲಿ ಐವರ್‌ಮೆಕ್ಟಿನ್ ಗುಳಿಗೆಯ ಕಥೆ ಆದದ್ದೂ ಹೀಗೆಯೇ. ಅದು ಸಾವನ್ನು ತಡೆಯುತ್ತದೆ ಎಂದ ಮೆಟಾ ಅನಾಲಿಸಿಸ್‌ಗಳಿಗೆ ಆಧಾರವಾಗಿದ್ದ ಈಜಿಪ್ಟಿನ ದೊಡ್ಡ ಅಧ್ಯಯನವನ್ನು ಅದರ ದಾಖಲೆಗಳ ಬಗ್ಗೆ ಗಂಭೀರ ಅನುಮಾನ ಎದ್ದು 2021ರ ಜುಲೈಯಲ್ಲಿ ಹಿಂತೆಗೆಯಲಾಯಿತು. ಅಷ್ಟರಲ್ಲಿ ಗುಳಿಗೆ ಊರೂರಿನ ಔಷಧ ಅಂಗಡಿಗಳಿಗೆ ಇಳಿದಿತ್ತು.

ಇದಕ್ಕೆ ಎರಡು ಪರಿಹಾರಗಳು ರೂಪುಗೊಂಡಿವೆ. ಮೊದಲನೆಯದು ಸೇರಿಸಿಕೊಳ್ಳುವ ಮುನ್ನವೇ ಪ್ರತಿ ಪ್ರಯೋಗದ ನಂಬಲರ್ಹತೆಯ ತನಿಖೆ: ನೋಂದಣಿ ಯಾವಾಗ ಆಯಿತು, ನೈತಿಕ ಸಮಿತಿಯ ಅನುಮತಿ ಇದೆಯೇ, ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ರೋಗಿಗಳು ಸಿಗುವುದು ಸಾಧ್ಯವೇ. ಕಾಕ್ರೇನ್ 2021ರಲ್ಲಿ ಇದನ್ನು ನೀತಿಯಾಗಿಸಿತು. ‘ಇನ್‌ಸ್ಪೆಕ್ಟ್–ಎಸ್‌ಆರ್’ ಎಂಬ ಸಾಧನವೂ ಬಂದಿದೆ. ಎರಡನೆಯದು ಸಾರಾಂಶ ಬಿಟ್ಟು ಪ್ರತಿ ವ್ಯಕ್ತಿಯ ದಾಖಲೆಯನ್ನೇ, ಹೆಸರು ಗುರುತು ಅಳಿಸಿ, ಒಂದೆಡೆ ತಂದು ಲೆಕ್ಕ ಹಾಕುವುದು. ಕ್ಲಿಪ್ ಮಾಡಿದ್ದು ಇದನ್ನೇ. ಖರ್ಚು ಹೆಚ್ಚು, ಸಮಯ ಹೆಚ್ಚು. ಆದರೆ ಕೂಡಿಸುವವರು ಕಾಗದದ ಮಾತು ನಂಬಿ ಕೂರಬೇಕಿಲ್ಲ.

ಇದರ ಮುಂದಿನ ಹೆಜ್ಜೆ ಪ್ರಯೋಗ ಮುಗಿಯುವ ಮೊದಲೇ ಕೂಡಿಸುವ ಒಪ್ಪಂದ ಮಾಡಿಕೊಳ್ಳುವುದು. 2020ರಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತಿದ್ದ ಏಳು ಸ್ಟಿರಾಯ್ಡ್ ಪ್ರಯೋಗಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಬೆಸೆದು, ತೀವ್ರ ಕೋವಿಡ್‌ನ 1,703 ರೋಗಿಗಳ ಒಟ್ಟು ಫಲಿತಾಂಶವನ್ನು ಆ ಸೆಪ್ಟೆಂಬರ್‌ನಲ್ಲೇ ಕೊಟ್ಟಿತು. ಸ್ಟಿರಾಯ್ಡ್ ಸಾವನ್ನು ತಗ್ಗಿಸುತ್ತದೆ ಎಂಬುದು ತಿಂಗಳುಗಳಲ್ಲಿ ಇತ್ಯರ್ಥವಾಯಿತು. ಅವಸರವೂ ಶಿಸ್ತೂ ಒಂದಕ್ಕೊಂದು ವೈರಿಗಳಲ್ಲ ಎಂಬುದಕ್ಕೆ ಇದು ಸಾಕ್ಷಿ. ಈಗ ಸಾವಿರಾರು ಲೇಖನಗಳನ್ನು ಸೋಸಲು ಯಂತ್ರಬುದ್ಧಿಯ ನೆರವು ಪಡೆಯುತ್ತಿದ್ದಾರೆ. ಹುಡುಕುವ, ಜರಡಿ ಹಿಡಿಯುವ ಕೆಲಸಕ್ಕೆ ಅದು ಒದಗಬಹುದು. ಆದರೆ ಸುಳ್ಳು ಪ್ರಯೋಗವನ್ನು ಬೇಗ ಹುಡುಕಿ ಬೇಗ ಕೂಡಿಸಿದರೆ ಸುಳ್ಳು ಬೇಗ ಹರಡುತ್ತದೆ, ಅಷ್ಟೇ.

ಸೋತದ್ದನ್ನೂ ಹೇಳುವ ಧೈರ್ಯ

ಸೋತ ಪ್ರಯೋಗವನ್ನೂ ಮುಚ್ಚಿಡದಿರುವ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಯ ಲೆಕ್ಕ ಮೆಚ್ಚುವಂಥದ್ದು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಪ್ರೌಢಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ತಡೆಯಲು ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ‘ಸಮತಾ’ ಪ್ರಯೋಗ ನಡೆಯಿತು. ಲೈಂಗಿಕ ವೃತ್ತಿಯ ಮಹಿಳೆಯರ ಮೇಲೆ ಸಂಗಾತಿಗಳು ನಡೆಸುವ ಹಿಂಸೆ ತಗ್ಗಿಸಲು ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ ‘ಸಂವೇದನಾ ಪ್ಲಸ್’ ನಡೆಯಿತು. ಎರಡರ ಹಿಂದೆಯೂ ಇದ್ದದ್ದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಲಂಡನ್ನಿನ ಸ್ಕೂಲ್ ಆಫ್ ಹೈಜೀನ್. ಮುಖ್ಯ ಗುರಿಯಲ್ಲಿ ಎರಡೂ ಸ್ಪಷ್ಟ ಪರಿಣಾಮ ತೋರಿಸಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಕ್ಲಿಪ್‌ನವರೂ ಹಾಗೆಯೇ ಮಾಡಿದರು. ಸಾಧಕ ಬಾಧಕ ಎರಡೂ ಅಚ್ಚಾದಾಗಲೇ ಮೆಟಾ ಅನಾಲಿಸಿಸ್‌ನ ವಜ್ರಕ್ಕೆ ಬೆಲೆ.

ಪ್ರಯೋಗ ಶುರುವಾಗುವ ಮೊದಲೇ ಸಾರ್ವಜನಿಕವಾಗಿ ನೋಂದಾಯಿಸುವ ನಿಯಮ ಹುಟ್ಟಿದ್ದೂ ಮುಚ್ಚಿಡುವುದನ್ನು ತಡೆಯಲೆಂದೇ. ನಮ್ಮಲ್ಲಿ 2007ರ ಜುಲೈಯಲ್ಲಿ ಸಿಟಿಆರ್‌ಐ ಎಂಬ ಪ್ರಯೋಗಗಳ ನೋಂದಣಿ ಶುರುವಾಗಿ 2009ರ ಜೂನ್‌ನಿಂದ ಔಷಧ ಪ್ರಯೋಗಗಳಿಗೆ ಕಡ್ಡಾಯವಾಯಿತು. ರಿವ್ಯೂಗಳ ಯೋಜನೆಯನ್ನು ನೋಂದಾಯಿಸಲು ಬ್ರಿಟನ್ನಿನ ಯಾರ್ಕ್‌ನಲ್ಲಿ 2011ರಿಂದ ‘ಪ್ರಾಸ್ಪೆರೊ’ ಇದೆ. ಪ್ರಶ್ನೆ ಯಾವುದು, ಯಾವ ಫಲಿತಾಂಶ ಮುಖ್ಯ ಎಂದು ಮೊದಲೇ ಬರೆದಿಟ್ಟರೆ ಅಂಕಿ ನೋಡಿದ ಮೇಲೆ ಗುರಿ ಬದಲಿಸಲು ಬರುವುದಿಲ್ಲ.

ಉಳಿದಿರುವ ದೊಡ್ಡ ಕತ್ತಲ ಮೂಲೆ ನಮ್ಮ ಕಾಲೇಜುಗಳಲ್ಲೇ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂಡಿ, ಎಂಎಸ್ ವಿದ್ಯಾರ್ಥಿಗಳೆಲ್ಲ ಪದವಿಗಾಗಿ ಪ್ರಬಂಧ ಬರೆಯುತ್ತಾರೆ. ಜಿಲ್ಲೆಯ ಆಸ್ಪತ್ರೆಗಳ ರಕ್ತಹೀನತೆ, ಗರ್ಭನಂಜು, ನವಜಾತ ಶಿಶುಗಳ ಅಂಕಿಗಳು ಅವುಗಳಲ್ಲಿವೆ. ಬಹುಪಾಲು ಪ್ರಬಂಧಗಳು ರಟ್ಟು ಹೊದ್ದು ಗ್ರಂಥಾಲಯ ಸೇರುತ್ತವೆ. ರಿವ್ಯೂ ಮಾಡುವವರ ಹುಡುಕಾಟಕ್ಕೆ ಸಿಗುವುದಿಲ್ಲ. ಇವನ್ನು ಹುಡುಕಬಲ್ಲ ರೂಪದಲ್ಲಿ ತೆರೆದಿಡುವುದಕ್ಕೆ ಹೊಸ ಗಣಿತ ಬೇಕಿಲ್ಲ.

ಮರಳಿ ಬರಬೇಕಾದ ಫಲಿತಾಂಶ

ಒಟ್ಟಾರೆ ನೋಡಿದರೆ ಮೂವತ್ತು ವರ್ಷಗಳ ಸುಧಾರಣೆ ಒಂದೇ ದಿಕ್ಕಿಗೆ ಸಾಗಿದೆ: ಸರಾಸರಿಯಿಂದ ವ್ಯಕ್ತಿಯ ದಾಖಲೆಯ ಕಡೆಗೆ, ‘ಪರಿಣಾಮ ಇದೆಯೇ’ ಎಂಬುದರಿಂದ ‘ಯಾರಿಗೆ, ಎಲ್ಲಿ’ ಎಂಬುದರ ಕಡೆಗೆ. ಅರ್ಧಕ್ಕೇ ನಿಂತಿರುವ ಕೆಲಸವೊಂದಿದೆ. ಬಾಗಲಕೋಟೆಯ ಬಸುರಿಯರು ತೋಳು ಚಾಚಿ ಬಿಪಿ ಕೊಟ್ಟದ್ದರಿಂದ ಹುಟ್ಟಿದ ಜ್ಞಾನ ಇಂಗ್ಲಿಷ್ ಪತ್ರಿಕೆಗಳಲ್ಲಿದೆ. ಭೇಟಿ ಕೊಟ್ಟ ಆಶಾ ಕಾರ್ಯಕರ್ತೆಗೆ, ಆ ಊರಿನ ಗ್ರಾಮ ಪಂಚಾಯಿತಿಗೆ, ಕೇಂದ್ರದ ವೈದ್ಯಾಧಿಕಾರಿಗೆ ಅದು ಕನ್ನಡದಲ್ಲಿ ತಲುಪಬೇಕು. ನೈತಿಕ ಸಮಿತಿಗಳು ಅನುಮತಿ ಕೊಡುವಾಗಲೇ ಇದನ್ನು ಷರತ್ತಾಗಿ ಹಾಕಬಹುದು.

ತಲುಪಿದರೆ ಆಗುವ ಲಾಭ ಗೌರವದ್ದಷ್ಟೇ ಅಲ್ಲ. ಕ್ಲಿಪ್‌ನ ವರದಿ ಕೊನೆಗೆ ಹೇಳಿದ್ದು ಟ್ಯಾಬ್‌ನ ಮಾತನ್ನಲ್ಲ: ಕಾರ್ಯಕರ್ತೆಯರ ಸಂಖ್ಯೆ ಹೆಚ್ಚಿಸಿ, ಆಸ್ಪತ್ರೆಗಳನ್ನು ಬಲಪಡಿಸಿ ಎಂದು. ಆ ಊರುಗಳಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಾಗ ಹತ್ತರಲ್ಲಿ ಎಂಟು ಜನ ಹೊರಟಿದ್ದರು. ಹೋದ ಮೇಲೆ ಅಲ್ಲಿ ರಕ್ತ, ವೈದ್ಯರು, ಕೂಸಿನ ಐಸಿಯು ಇದ್ದವೇ ಎಂಬುದು ಟ್ಯಾಬ್ ಉತ್ತರಿಸಬಲ್ಲ ಪ್ರಶ್ನೆಯಲ್ಲ. ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಹೊಸ ಆ್ಯಪ್‌ಗೆ ಹಣ ಕೇಳುವ ಕಡತ ಬಂದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಎಷ್ಟು ಪ್ರಯೋಗಗಳು ನಡೆದಿವೆ, ಮೂಲ ದಾಖಲೆ ಯಾರಾದರೂ ನೋಡಿದ್ದಾರೆಯೇ, ನಮ್ಮಂಥ ಊರಿನಲ್ಲಿ ಫಲ ಎಲ್ಲಿಂದ ಎಲ್ಲಿಯವರೆಗೆ ಇರಬಹುದು, ಸೋತ ಪ್ರಯೋಗಗಳನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ. ಈ ನಾಲ್ಕಕ್ಕೆ ಉತ್ತರ ಕೊಡದ ರಿವ್ಯೂ ಏಣಿಯ ಯಾವ ಮೆಟ್ಟಿಲಲ್ಲಿದ್ದರೂ ಅದರ ಮೇಲೆ ಜಿಲ್ಲೆಯ ದುಡ್ಡು ಹೂಡಬೇಕಿಲ್ಲ.